ರಾಣಿಗೆ ಗೊಬ್ಬರ ಹಾಕಿದ ಕತೆ

ಒಂದು ರಾತ್ರಿ ನಾನು ರಾಣಿ ಜೇನಿಗೆ ಗೊಬ್ಬರ ಹಾಕಿಬಿಟ್ಟೆ. ಕಾಗದದ ಮೇಲೆ.

ಜೇನಿನ ಬಗ್ಗೆ ಬರೆದ ಹಳೆಯ ಇಂಗ್ಲಿಷ್ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೆ. ಗಂಟೆ ಹನ್ನೆರಡು ದಾಟಿತ್ತು. ರಾಣಿ ಗೂಡಿನಿಂದ ಹಾರಿಹೋಗಿ, 'ಫೆಕಂಡೇಟ್' ಆಗಿ ಮರಳುತ್ತಾಳೆ ಎಂಬ ವಾಕ್ಯ ಸಿಕ್ಕಿತು. ಆ ಪದ ನನಗೆ ಹೊಸದು. ನಿಘಂಟು ತೆಗೆದೆ. 'ಫರ್ಟಿಲೈಸ್ ಮಾಡು' ಎಂದಿತ್ತು. ಫರ್ಟಿಲೈಸ್ ಅಂದರೆ ಏನು ಅಂತ ಯಾರಿಗೆ ಗೊತ್ತಿಲ್ಲ? ನಿದ್ದೆಗಣ್ಣಿನಲ್ಲಿ ಬರೆದುಬಿಟ್ಟೆ: 'ಗೊಬ್ಬರ ಹಾಕಿಸಿಕೊಂಡ ರಾಣಿ ಗೂಡಿಗೆ ಮರಳುತ್ತಾಳೆ.'

ಮಾರನೆಯ ದಿನ ಕರಡು ಓದಿದ ಗೆಳತಿ ಫೋನ್ ಮಾಡಿದಳು. ಮೊದಲು ಒಂದಿಷ್ಟು ಹೊತ್ತು ಬರೀ ನಗು. ಆಮೇಲೆ ಕೇಳಿದಳು: 'ಅಲ್ಲ ಮಾರಾಯ, ನಿನ್ನ ರಾಣಿ ಏನು ತೆಂಗಿನ ಗಿಡವಾ?'

ಆ ನಗು ಮುಗಿದ ಮೇಲೂ ಪದ ನನ್ನನ್ನು ಬಿಡಲಿಲ್ಲ. ಇಂಗ್ಲಿಷ್ ಮಾತಾಡುವವರಲ್ಲೂ ಹೆಚ್ಚಿನವರು ಫೆಕಂಡೇಟ್ ಅನ್ನುವುದನ್ನು ಬಾಯಿಬಿಟ್ಟು ಹೇಳಿರುವುದಿಲ್ಲ. ಫೆಕಂಡೇಟ್ ಅಂತಲೂ ಹೇಳಬಹುದು, ಫೀಕಂಡೇಟ್ ಅಂತಲೂ ಹೇಳಬಹುದು, ಎರಡೂ ಸರಿಯೇ. ಸುಮಾರು 17ನೇ ಶತಮಾನದಿಂದ ಆ ಭಾಷೆಯಲ್ಲಿದೆ. ಈಗ ಹಳೆಯ ಜೀವಶಾಸ್ತ್ರದ ಪುಸ್ತಕಗಳಲ್ಲಿ, ಸ್ವಲ್ಪ ಬಿಗುಮಾನದ ಗದ್ಯದಲ್ಲಿ ಮಾತ್ರ ಸಿಗುತ್ತದೆ. ಅಂಡಕ್ಕೆ ವೀರ್ಯಾಣು ಸೇರಿ ಹೊಸ ಜೀವ ಶುರುವಾಗುವಂತೆ ಮಾಡುವುದು, ಇದು ಅದರ ಮುಖ್ಯ ಅರ್ಥ. ಹೂವಿಗೆ ಪರಾಗ ತಲುಪಿಸಿ ಫಲ ನಿಲ್ಲಿಸುವುದಕ್ಕೂ ಬಳಸುತ್ತಿದ್ದರು. ಅಲ್ಲಿಂದ ಮುಂದೆ, ಒಂದು ಯೋಚನೆ ಇನ್ನೊಬ್ಬರ ತಲೆಯೊಳಗೆ ಹೊಕ್ಕು ಹೊಸದೇನನ್ನೋ ಹುಟ್ಟಿಸುವುದಕ್ಕೂ. ಹೊಲಕ್ಕೆ ಯೂರಿಯಾ ಎರಚುವವನನ್ನು ನೋಡಿ 'ಫೆಕಂಡೇಟ್ ಮಾಡುತ್ತಿದ್ದಾನೆ' ಅಂದರೆ ಮಾತ್ರ ಜನ ತಿರುಗಿ ನೋಡುತ್ತಾರೆ.

ಅಂದರೆ ನನ್ನ ತಪ್ಪಿನಲ್ಲಿ ಅರ್ಧ ಪಾಲು ಇಂಗ್ಲಿಷಿನದೂ ಇದೆ. ಅಲ್ಲಿ ಫರ್ಟಿಲೈಸ್ ಎಂಬ ಒಂದೇ ಪದ ಎರಡು ಕೆಲಸ ಹೊತ್ತಿದೆ. ಮಣ್ಣಿಗೆ ಸಾರ ಕೊಡುವುದೂ ಅದೇ, ಅಂಡ ವೀರ್ಯಾಣು ಸೇರುವುದೂ ಅದೇ. ಡಾರ್ವಿನ್ 1862ರಲ್ಲಿ ಆರ್ಕಿಡ್ ಹೂಗಳ ಬಗ್ಗೆ ಬರೆದ ಪುಸ್ತಕದ ಹೆಸರಿನಲ್ಲೇ 'ಕೀಟಗಳಿಂದ ಫರ್ಟಿಲೈಸ್ ಆಗುವ' ಎಂಬ ಮಾತಿದೆ. ಹೂವಿನ ಬುಡಕ್ಕೆ ಕೀಟಗಳು ಗೊಬ್ಬರ ತಂದು ಸುರಿಯುತ್ತವೆ ಅಂತ ಆಗ ಯಾರೂ ಓದಿಕೊಂಡಿರಲಾರರು. ನನ್ನಂಥವರು ಓದಿಕೊಂಡರೇನೋ.

ಫ್ರೆಂಚ್, ಸ್ಪ್ಯಾನಿಷ್, ಇಟಾಲಿಯನ್ ಭಾಷೆಗಳಲ್ಲಿ ಈ ಪೇಚು ಕಡಿಮೆ. ಅಲ್ಲಿ ಇದೇ ಲ್ಯಾಟಿನ್ ಬೇರಿನ ಪದ ದಿನಬಳಕೆಯಲ್ಲಿದೆ. ಹೊಲಕ್ಕೆ ಒಂದು ಪದ, ಅಂಡಕ್ಕೆ ಇನ್ನೊಂದು. ನಾವು ಪ್ರನಾಳ ಶಿಶು ಅನ್ನುತ್ತೇವಲ್ಲ, ಆ ವಿಧಾನವನ್ನು ಇಂಗ್ಲಿಷಿನವರು 'ಇನ್ ವಿಟ್ರೋ ಫರ್ಟಿಲೈಸೇಶನ್' ಅಂದರೆ ಫ್ರೆಂಚರು 'ಫೆಕೋಂದಾಸ್ಯೋಂ ಇನ್ ವಿತ್ರೋ' ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಧೂಳು ಹಿಡಿದ ಪದ ಅಲ್ಲಿ ಆಸ್ಪತ್ರೆಯ ಬಾಗಿಲ ಮೇಲಿದೆ.

ಇನ್ನೊಂದು ತಮಾಷೆ ಇದೆ. ಜನಸಂಖ್ಯೆಯ ಲೆಕ್ಕ ಹಾಕುವವರು ಇಂಗ್ಲಿಷಿನಲ್ಲಿ ಬರೆದರೆ, ನಿಜವಾಗಿ ಹುಟ್ಟಿದ ಮಕ್ಕಳ ಲೆಕ್ಕಕ್ಕೆ 'ಫರ್ಟಿಲಿಟಿ' ಅನ್ನುತ್ತಾರೆ, ಹೆರುವ ಶಕ್ತಿಗೆ 'ಫೆಕಂಡಿಟಿ' ಅನ್ನುತ್ತಾರೆ. ಫ್ರೆಂಚಿನಲ್ಲಿ ಸರಿಯಾಗಿ ಉಲ್ಟಾ. ಅಲ್ಲಿ 'ಫೆಕೋಂದಿತೆ' ಹುಟ್ಟಿದ ಮಕ್ಕಳ ಲೆಕ್ಕ, 'ಫೆರ್ತಿಲಿತೆ' ಬರೀ ಶಕ್ತಿ. ಅವಳಿ ಮಕ್ಕಳಿಗೆ ಒಬ್ಬರ ಅಂಗಿ ಇನ್ನೊಬ್ಬರಿಗೆ ತೊಡಿಸಿದ ಹಾಗೆ. ಅನುವಾದ ಮಾಡುವವರ ಹೊಟ್ಟೆ ಉರಿಸಲಿಕ್ಕೇ ಯಾರೋ ಹೀಗೆ ಮಾಡಿಟ್ಟಿರಬೇಕು ಅಂತ ನನ್ನ ಗುಮಾನಿ. ಪ್ರಾಣಿಗಳ ವಿಷಯಕ್ಕೆ ಬಂದರೆ ಇಂಗ್ಲಿಷಿನ ಫೆಕಂಡಿಟಿ ಮತ್ತೆ ಸ್ವಲ್ಪ ಜಾರುತ್ತದೆ. ಒಂದು ಹೆಣ್ಣು ಎಷ್ಟು ಮೊಟ್ಟೆ ಅಥವಾ ಮರಿ ಹಾಕಬಲ್ಲದು ಎಂಬ ಎಣಿಕೆ ಅದು. ಸೂರ್ಯಮೀನು ಎಂಬ ದೊಡ್ಡ ಕಡಲ ಮೀನಿನ ಒಂದೇ ಹೆಣ್ಣಿನ ಒಡಲಲ್ಲಿ ಸುಮಾರು 30 ಕೋಟಿ ಅಂಡಗಳಿವೆ ಎಂದು ಅಂದಾಜಿಸಿದ್ದಾರೆ. ಆನೆ 22 ತಿಂಗಳು ಹೊತ್ತು ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ.

ಗೊಬ್ಬರದ ಕಡೆಯ ಇಂಗ್ಲಿಷ್ ಪದಗಳನ್ನೂ ಒಂದು ಸುತ್ತು ನೋಡಿದೆ. 'ಮೆನ್ಯೂರ್' ಅನ್ನುವುದು ಮೂಲದಲ್ಲಿ 'ಕೈಯಿಂದ ಕೆಲಸ ಮಾಡು' ಎಂಬ ಮಾತು. ಸೈನ್ಯದವರ 'ಮನೂವರ್' ಅದರದೇ ಒಡಹುಟ್ಟು. 'ಸ್ಟರ್ಕೊರೇಟ್' ಅಂತ ಇನ್ನೊಂದಿದೆ, ಲ್ಯಾಟಿನ್ ಸಗಣಿಯಿಂದ ಬಂದದ್ದು. ರೋಮನ್ನರಿಗೆ ಗೊಬ್ಬರಕ್ಕೇ ಒಬ್ಬ ದೇವರಿದ್ದ, ಸ್ಟರ್ಕುಟಿಯಸ್ ಅಂತ. ಆತನ ಬಗ್ಗೆ ಬೇರೆ ದಿನ ಬರೆಯಬಹುದು. ನನಗೆ ಬೇಕಾಗಿದ್ದದ್ದು ಫೆಕಂಡೇಟ್‌ನ ಬೇರು.

ಆ ಬೇರು ಹಿಡಿದು ಹೋದವನು ಸುಮ್ಮನೆ ಕೂತುಬಿಟ್ಟೆ. ಫರ್ಟಿಲೈಸ್ ಬಂದದ್ದು ಲ್ಯಾಟಿನ್ನಿನ 'ಹೊರು' ಎಂಬ ಮಾತಿನಿಂದ. ಸಂಸ್ಕೃತದ ಭಾರ, ಭರಣ ಎಲ್ಲ ಅದರ ನೆಂಟರು. ಹೊತ್ತು ಹೆತ್ತವಳು ಅನ್ನುತ್ತೇವಲ್ಲ, ಆ ಹೊರುವಿಕೆಯೇ. ಫೆಕಂಡೇಟ್‌ನದು ಬೇರೆ ದಾರಿ. ಅದರ ಹಿಂದೆ ಇರುವ ತೀರಾ ಹಳೆಯ ಬೇರಿಗೆ 'ಮೊಲೆ ಚೀಪು', 'ಹಾಲೂಡಿಸು' ಎಂಬ ಅರ್ಥ. ಲ್ಯಾಟಿನ್ನಿನಲ್ಲಿ ಹೆಂಗಸಿಗೆ 'ಫೆಮಿನಾ' ಎಂಬ ಹೆಸರು ಬಂದದ್ದು ಅದರಿಂದ. ಹಾಲೂಡಿಸುವವಳು ಅಂತ. ಮಗನಿಗೆ 'ಫಿಲಿಯಸ್', ಹಾಲು ಕುಡಿದವನು. 'ಫೆಲಿಕ್ಸ್' ಅಂದರೆ ಮೊದಲು ಫಲ ಬಿಡುವಂಥದ್ದು, ಆಮೇಲೆ ಅದೃಷ್ಟವಂತ. ಸಂಸ್ಕೃತದಲ್ಲಿ ಅದೇ ಬೇರು 'ಧೇ' ಆಗಿದೆ. ಅದರಿಂದ ಬಂದವಳು ಧೇನು.

ಧೇನು! ಮಗುವಿದ್ದಾಗಿನಿಂದ ಬಾಯಲ್ಲಿರುವ ಪದ. ನನಗೆ ನಿಘಂಟು ತೆಗೆಸಿದ ಆ ಬಿಗುಮಾನದ ಇಂಗ್ಲಿಷ್ ಪದ ಇವಳ ದೊಡ್ಡಮ್ಮನ ಮಗಳು. ಹಾಲೂಡಿಸುವ ದಾದಿ ಎಂಬ ಅರ್ಥದ 'ಧಾತ್ರಿ'ಯನ್ನೂ ಇದೇ ಮನೆತನಕ್ಕೆ ಸೇರಿಸುತ್ತಾರೆ. ಧಾತ್ರಿ ಅಂದರೆ ಭೂಮಿ ಕೂಡ ಅಲ್ವಾ? ಅಲ್ಲಿಗೆ ಮಣ್ಣು, ತಾಯಿ, ಹಾಲು ಎಲ್ಲ ಒಂದು ಕಡೆ ಬಂದು ಕೂತವು.

ಆದರೆ ಇಲ್ಲೇ ಒಂದು ವಿಚಿತ್ರ ಕಂಡಿತು. ಪದ ಶುರುವಾದದ್ದು ತಾಯಿಯ ಎದೆಯಿಂದ. ಕ್ರಿಯಾಪದ ಆಗುವ ಹೊತ್ತಿಗೆ ತಾಯಿ ಪಕ್ಕಕ್ಕೆ ಸರಿದಿದ್ದಾಳೆ. ಗಂಡು ಹೆಣ್ಣನ್ನು ಫೆಕಂಡೇಟ್ ಮಾಡುತ್ತದೆ. ದುಂಬಿ ಹೂವನ್ನು ಮಾಡುತ್ತದೆ. ವೀರ್ಯಾಣು ಅಂಡವನ್ನು ಮಾಡುತ್ತದೆ. ಮಾಡುವವರು ಒಬ್ಬರು, ಮಾಡಿಸಿಕೊಳ್ಳುವವರು ಇನ್ನೊಬ್ಬರು. ಹೆಣ್ಣು ಸುಮ್ಮನೆ ಕಾಯುತ್ತಾ ಇದ್ದಾಳೆ, ಯಾರೋ ಬಂದು ಏನೋ ಮಾಡಿ ಹೋಗುತ್ತಾರೆ ಎಂಬಂತೆ. ನಾನು ಅವಳಿಗೆ ಗೊಬ್ಬರ 'ಹಾಕಿಸಿದ್ದು' ತೀರಾ ತಪ್ಪೇನೂ ಆಗಿರಲಿಲ್ಲ ನೋಡಿ. ವ್ಯಾಕರಣ ಅದೇ.

ನಮ್ಮ ಪಠ್ಯಪುಸ್ತಕದ ಪದ ಇದಕ್ಕಿಂತ ಮೇಲು ಅಂತ ಬೀಗುವ ಹಾಗಿಲ್ಲ. ನಿಷೇಚನ ಅಂದರೆ ಒಳಗೆ ಸುರಿಯುವುದು, ಚಿಮುಕಿಸುವುದು. ಸಿಂಚನ, ಅಭಿಷೇಕಗಳ ಬಳಗ. ಅಲ್ಲೂ ಸುರಿಯುವವನೇ ಯಜಮಾನ. ಬೀಜ ಎಂಬ ಮಾತೂ ಹಾಗೇ. ಲ್ಯಾಟಿನ್ನಿನ 'ಸೆಮೆನ್' ಅಂದರೆ ಬೀಜ. ಗ್ರೀಕಿನ 'ಸ್ಪರ್ಮಾ' ಕೂಡ ಬಿತ್ತನೆಗೆ ಸಂಬಂಧಿಸಿದ್ದು. ಆತ ಬೀಜ, ಈಕೆ ಹೊಲ. ಈ ಹೋಲಿಕೆ ಎಷ್ಟು ಭಾಷೆಗಳಲ್ಲಿ ಬೇರು ಬಿಟ್ಟಿದೆಯೋ! ಬೀಜದಲ್ಲಿ ಮರವೆಲ್ಲ ಆಗಲೇ ಇರುತ್ತದೆ, ಹೊಲ ಬರೀ ಜಾಗ ಕೊಡುತ್ತದೆ. ಒಂದು ಅಂಡವೂ ಬೇಕು, ಅದರ ಅರ್ಧ ಪಾಲೂ ಬೇಕು ಎಂಬುದಕ್ಕೆ ಈ ಹೋಲಿಕೆಯಲ್ಲಿ ಜಾಗವೇ ಇಲ್ಲ.

ಜನಕ್ಕೆ ಅದು ಗೊತ್ತಾದದ್ದೂ ಬಹಳ ತಡವಾಗಿ. ಲೇವನ್‌ಹುಕ್ ತನ್ನ ಮಸೂರದಡಿ ವೀರ್ಯಾಣುಗಳನ್ನು ಕಂಡದ್ದು 1677ರಲ್ಲಿ. ಸಸ್ತನಿಯ ಅಂಡವನ್ನು ಫಾನ್ ಬೇರ್ ಎಂಬಾತ ಕಂಡದ್ದು 1827ರಲ್ಲಿ, ನಾಯಿಯೊಂದರಲ್ಲಿ. ನಡುವೆ ನೂರೈವತ್ತು ವರ್ಷ. ಆ ನೂರೈವತ್ತು ವರ್ಷದಲ್ಲಿ ನಡೆದ ಪ್ರಯೋಗಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಸ್ಪಲ್ಲಾಂಜಾನಿಯ ಚಡ್ಡಿ. ಆತ ಇಟಲಿಯ ಪಾದ್ರಿ, ವಿಜ್ಞಾನಿ ಕೂಡ. ಗಂಡು ಕಪ್ಪೆಗಳಿಗೆ ಟ್ಯಾಫೆಟಾ ಬಟ್ಟೆಯ ಪುಟ್ಟ ಚಡ್ಡಿ ಹೊಲಿಸಿ ತೊಡಿಸಿದ. ಚಡ್ಡಿ ತೊಟ್ಟ ಗಂಡುಗಳು ಎಂದಿನಂತೆ ಹೆಣ್ಣನ್ನು ಅಪ್ಪಿಕೊಂಡವು. ಹೆಣ್ಣು ಮೊಟ್ಟೆ ಇಟ್ಟಿತು. ಒಂದೂ ಮರಿಯಾಗಲಿಲ್ಲ. ಆಮೇಲೆ ಚಡ್ಡಿಯಲ್ಲಿ ಉಳಿದ ಹನಿಗಳನ್ನು ಮೊಟ್ಟೆಗಳಿಗೆ ಸವರಿದ. ಗೊದಮೊಟ್ಟೆಗಳು ಹೊರಟವು.

ಇಷ್ಟು ಚೆಂದದ ಪ್ರಯೋಗ ಮಾಡಿಯೂ ಆತ ಕೊನೆಗೆ ಎಡವಿದ. ದ್ರವ ಬೇಕು ಅಂತ ಗೊತ್ತಾಯಿತು. ಅದರಲ್ಲಿ ಈಜುವ ಹುಳುಗಳು ಮಾತ್ರ ಕೆಲಸಕ್ಕೆ ಬಾರದವು ಅಂತಲೇ ನಂಬಿದ. ದ್ರವವನ್ನು ಸೋಸಿ ಕೂಡ ನೋಡಿದ್ದ ಪುಣ್ಯಾತ್ಮ. 1824ರಲ್ಲಿ ಪ್ರೆವೋ ಮತ್ತು ದ್ಯೂಮಾ ಎಂಬಿಬ್ಬರು ಮತ್ತೆ ಸೋಸಿ, ಆ ಹುಳುಗಳೇ ಮುಖ್ಯ ಎಂದು ತೋರಿಸಿದರು. ಅಂಡ ಮತ್ತು ವೀರ್ಯಾಣುವಿನ ಕೋಶಕೇಂದ್ರಗಳು ಒಂದಾಗುವುದನ್ನು ಕಡಲ ಮುಳ್ಳುಚೆಂಡು ಎಂಬ ಮುಳ್ಳುಮೈಯ ಪ್ರಾಣಿಯಲ್ಲಿ ಜರ್ಮನಿಯ ಹರ್ಟ್‌ವಿಗ್ ಕಂಡದ್ದು 1870ರ ದಶಕದಲ್ಲಿ. ಫೆಕಂಡೇಟ್ ಎಂಬ ಪದ ಆಗಲೇ ಇನ್ನೂರು ವರ್ಷ ಹಳತಾಗಿತ್ತು. ಏನು ನಡೆಯುತ್ತದೆ ಅಂತ ಗೊತ್ತಾಗುವ ಮೊದಲೇ ಯಾರು ಮಾಡುತ್ತಾರೆ ಅಂತ ಪದ ತೀರ್ಮಾನ ಮಾಡಿಯಾಗಿತ್ತು.

ಅದೇ ಮುಳ್ಳುಚೆಂಡನ್ನು ಇನ್ನೂ ಹತ್ತಿರದಿಂದ ನೋಡಿದವರು ಕಂಡದ್ದೇ ಬೇರೆ. ಅದರ ಅಂಡದ ಸುತ್ತಲಿನ ಲೋಳೆಯಿಂದ ಒಂದು ರಾಸಾಯನಿಕ ಹೊರಟು ವೀರ್ಯಾಣುಗಳನ್ನು ಕರೆಯುತ್ತದೆ. ಒಂದು ಒಳಗೆ ಬಂದದ್ದೇ ತಡ, ಕ್ಷಣದೊಳಗೆ ಅಂಡದ ಪೊರೆಯ ವಿದ್ಯುತ್ ಸ್ಥಿತಿ ಬದಲಾಗಿ ಉಳಿದವಕ್ಕೆ ಬಾಗಿಲು ಮುಚ್ಚುತ್ತದೆ. ಒಂದು ನಿಮಿಷದಲ್ಲಿ ಸುತ್ತ ಗಟ್ಟಿ ಕವಚವೇ ಎದ್ದು ನಿಲ್ಲುತ್ತದೆ. ಸುಮ್ಮನೆ ಬಿದ್ದಿರುವ ಹೊಲದ ಲಕ್ಷಣವಾ ಇದು?

ಹೂವೂ ಕಡಿಮೆಯಿಲ್ಲ. ಪರಾಗ ಬಂದು ಶಲಾಕಾಗ್ರಕ್ಕೆ, ಅಂದರೆ ಹೂವಿನ ಹೆಣ್ಣು ಭಾಗದ ತುದಿಗೆ, ಅಂಟಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಅದು ಮೊಳೆತು, ಕೊಳವೆಯಾಗಿ, ಹೂವಿನೊಳಗೆ ಅಂಡದವರೆಗೆ ಬೆಳೆಯಬೇಕು. ಮೆಕ್ಕೆಜೋಳದಲ್ಲಿ ತೆನೆಯ ಒಂದೊಂದು ಕೂದಲೂ ಒಂದೊಂದು ಕಾಳಿನದು. ಆ ಕೊಳವೆ ಅದರೊಳಗೆ ಗೇಣುದ್ದ ಇಳಿಯಬೇಕಾಗುತ್ತದೆ. ಸೇಬು, ಎಲೆಕೋಸಿನಂಥ ಎಷ್ಟೋ ಗಿಡಗಳು ತಮ್ಮದೇ ಪರಾಗವನ್ನು ಗುರುತು ಹಿಡಿದು, 'ನೀನು ಬೇಡ' ಅಂತ ತಡೆದುಬಿಡುತ್ತವೆ. ಅಂಥ ಒಂದೇ ತಳಿಯ ಸೇಬನ್ನು ತೋಟದ ತುಂಬ ನೆಟ್ಟರೆ ಹೂ ಬರುತ್ತದೆ, ಹಣ್ಣು ಸರಿಯಾಗಿ ನಿಲ್ಲುವುದಿಲ್ಲ.

ಮುಂದಿನ ಹಂತ ಇನ್ನೂ ಸೊಗಸು. ರಷ್ಯಾದ ನವಾಶಿನ್ 1898ರಲ್ಲಿ ಲಿಲ್ಲಿ ಹೂವಿನಲ್ಲಿ ಕಂಡದ್ದು ಇದು. ಕೊಳವೆಯೊಳಗಿಂದ ಎರಡು ಗಂಡು ಕೋಶಗಳು ಬರುತ್ತವೆ. ಒಂದು ಅಂಡಕ್ಕೆ ಸೇರಿ ಮುಂದಿನ ಗಿಡವಾಗುತ್ತದೆ. ಇನ್ನೊಂದು ಪಕ್ಕದಲ್ಲಿರುವ ಬೇರೆ ಕೋಶಕ್ಕೆ ಸೇರಿ ಭ್ರೂಣಾಹಾರವಾಗುತ್ತದೆ. ಹುಟ್ಟಲಿರುವ ಮಗುವಿನ ಜೊತೆಗೇ ಅದರ ಬುತ್ತಿಯೂ ಹುಟ್ಟಿಕೊಳ್ಳುತ್ತದೆ. ಅಕ್ಕಿ, ಗೋಧಿಯ ಕಾಳಿನಲ್ಲಿ ನಾವು ತಿನ್ನುವುದು ಬಹುಪಾಲು ಆ ಬುತ್ತಿಯನ್ನೇ. ಎಳನೀರೂ ಅದೇ. ಕಾಳು ಎಳೆಯದಿದ್ದಾಗ ಆ ಬುತ್ತಿ ಬೆಳ್ಳಗೆ ನೀರಾಗಿರುತ್ತದೆ, ಉಗುರಿನಿಂದ ಒತ್ತಿದರೆ ಚಿಮ್ಮುತ್ತದೆ. ಅದಕ್ಕೆ ಹಾಲುಗಾಳು ಅನ್ನುತ್ತೇವೆ. ತೆನೆ ಹಾಲು ತುಂಬಿದೆ ಅನ್ನುತ್ತೇವೆ. ಫೆಕಂಡೇಟ್‌ನ ಬೇರಿನಲ್ಲಿದ್ದ ಹಾಲು, ಯಾರೂ ಕರೆಯದೆ ಇಲ್ಲಿ ಬಂದಿದೆ.

ಪದಕೋಶ ಬಿಟ್ಟು ಹೊಲದ ಮಾತು ನೆನಪಿಸಿಕೊಳ್ಳತೊಡಗಿದ್ದು ಆಗಲೇ. ಪೈರು ಹೊಡೆಯಾಯಿತು. ತೆನೆ ಹಾಲು ತುಂಬಿತು. ಕಾಳು ಕಟ್ಟಿತು, ಇಲ್ಲವೇ ಜೊಳ್ಳಾಯಿತು. ಹೂವು ಹೀಚಾಯಿತು. ಮತ್ತೆ ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು: ಗಿಡ ಕಾಯಿ ಕಚ್ಚಿತು.

ಕಚ್ಚಿತು! ಯಾರೂ ಗಿಡಕ್ಕೆ ಏನನ್ನೂ ಮಾಡಲಿಲ್ಲ. ಗಿಡವೇ ಕಚ್ಚಿ ಹಿಡಿಯಿತು. ಹಾಲು ಕುಡಿಯುವ ಮಗು ಕಚ್ಚಿ ಹಿಡಿದ ಹಾಗೆ ಅಂತಲೂ ನನ್ನ ಮನಸ್ಸು ಓಡಿತು, ಆದರೆ ಅದು ನನ್ನ ಕಲ್ಪನೆ, ಭಾಷೆಯ ತಲೆಗೆ ಕಟ್ಟಬಾರದು. ದುಂಬಿ ಬಂದಿತ್ತು, ಪರಾಗ ತಂದಿತ್ತು, ನಿಜ. ಮಾತು ಮಾತ್ರ ಗಿಡದ ಕಡೆ ನಿಂತು ನೋಡುತ್ತದೆ. ಹಸು ಗಬ್ಬವಾಯಿತು ಅನ್ನುವಾಗಲೂ ಹಾಗೇ. ಹೋರಿಗೆ ವಾಕ್ಯದಲ್ಲಿ ಜಾಗವಿಲ್ಲ.

ಹಾಗಂತ ಮಾಡುವವರು ಹೊರಗಿನಿಂದಲೇ ಬರಬೇಕಾದ ಸಂದರ್ಭ ಇಲ್ಲವೆಂದಲ್ಲ. ವೆನಿಲಾ ಹೂವಿನ ಕತೆ ನೋಡಿ. ಅದು ಅರಳಿರುವುದು ಒಂದೇ ದಿನ. ಅದರೊಳಗೆ ಗಂಡು ಭಾಗಕ್ಕೂ ಹೆಣ್ಣು ಭಾಗಕ್ಕೂ ನಡುವೆ ಒಂದು ತೆಳು ಪರದೆ. ಮೂಲ ನೆಲವಾದ ಮೆಕ್ಸಿಕೊ ಬಿಟ್ಟು ಬೇರೆ ಕಡೆ ಬಳ್ಳಿ ಹಬ್ಬಿತು, ಹೂ ಬಿಟ್ಟಿತು, ಕಾಯಿ ಮಾತ್ರ ಕಚ್ಚಲೇ ಇಲ್ಲ. 1836ರಲ್ಲಿ ಬೆಲ್ಜಿಯಂನ ಮಾರನ್ ಎಂಬ ಸಸ್ಯವಿಜ್ಞಾನಿ ಕೈಯಿಂದ ಪರಾಗ ಮುಟ್ಟಿಸಿ ಕಾಯಿ ಬರಿಸಿದರೂ ತೋಟದವರಿಗೆ ಒಗ್ಗುವ ಉಪಾಯ ಸಿಕ್ಕಿರಲಿಲ್ಲ. 1841ರಲ್ಲಿ, ಹಿಂದೂ ಮಹಾಸಾಗರದಲ್ಲಿ ಈಗ ರಿಯೂನಿಯನ್ ಅನ್ನುವ ಫ್ರೆಂಚ್ ದ್ವೀಪದಲ್ಲಿ, ಎಡ್ಮಂಡ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ ಒಂದು ಕಡ್ಡಿಯಿಂದ ಆ ಪರದೆ ಎತ್ತಿ, ಹೆಬ್ಬೆರಳಿನಿಂದ ಒತ್ತಿ ತೋರಿಸಿದ. ಇಂದಿಗೂ ವೆನಿಲಾ ತೋಟಗಳಲ್ಲಿ ಮಾಡುವುದು ಹೆಚ್ಚುಕಡಿಮೆ ಅದನ್ನೇ. ದ್ವೀಪದಲ್ಲಿ 1848ರಲ್ಲಿ ಗುಲಾಮಗಿರಿ ರದ್ದಾದಾಗ ಅವನಿಗೆ ಬಿಡುಗಡೆ ಸಿಕ್ಕಿತು, ಆಲ್ಬಿಯಸ್ ಎಂಬ ಅಡ್ಡಹೆಸರೂ ಸಿಕ್ಕಿತು. ದುಡ್ಡು ಸಿಗಲಿಲ್ಲ. 1880ರಲ್ಲಿ ಬಡವನಾಗಿಯೇ ಸತ್ತ. ಆ ದ್ವೀಪದಲ್ಲಿ ಹೂವಿಂದ ಹೂವಿಗೆ ಹೋಗಿ ಈ ಕೆಲಸ ಮಾಡುವ ಹೆಂಗಸರನ್ನು ಫ್ರೆಂಚಿನಲ್ಲಿ 'ಮರಿಯೂಜ್' ಅನ್ನುತ್ತಾರೆ. ಮದುವೆ ಮಾಡಿಸುವವರು. ಫೆಕಂಡೇಟ್‌ಗಿಂತ ಎಷ್ಟೋ ವಾಸಿ ಅಲ್ವಾ?

ಇಷ್ಟೆಲ್ಲ ಸುತ್ತಿ ಮತ್ತೆ ನನ್ನ ರಾಣಿಯ ಹತ್ತಿರ ಬಂದೆ. ಅವಳ ವಾಕ್ಯ ಹಾಗೇ ಕೂತಿತ್ತು.

ರಾಣಿ ಜೇನು ಎಲ್ಲಿ, ಹೇಗೆ ಗಂಡಿನ ಜೊತೆ ಕೂಡುತ್ತದೆ ಎಂಬುದು ಬಹಳ ಕಾಲ ಯಾರಿಗೂ ಗೊತ್ತಿರಲಿಲ್ಲ. ಗೂಡಿನೊಳಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಗಂಡು ಜೇನುಗಳ ವಾಸನೆಯಿಂದಲೇ ಅವಳು ಫಲಗೊಳ್ಳುತ್ತಾಳೆ ಅಂತ ಸ್ವಾಮರ್‌ಡಾಮ್‌ನಂಥ ದೊಡ್ಡವರೇ ಹೇಳಿದ್ದರು. ಗಂಟು ಬಿಡಿಸಿದವನು ಜಿನೀವಾದ ಫ್ರಾನ್ಸ್ವಾ ಹೂಬರ್. ಆತನಿಗೆ ಕಣ್ಣು ಕಾಣುತ್ತಿರಲಿಲ್ಲ. ನೋಡುವ ಕೆಲಸ ಬ್ಯೂರ್ನನ್ ಎಂಬ ಸಹಾಯಕನದು, ಏನನ್ನು ನೋಡಬೇಕು ಅಂತ ಯೋಚಿಸುವ ಕೆಲಸ ಹೂಬರನದು. ಗಂಡುಗಳನ್ನು ತೂತಿನ ಡಬ್ಬಿಯಲ್ಲಿ ಹಾಕಿ ಗೂಡಿನಲ್ಲಿಟ್ಟರು. ವಾಸನೆ ಬೇಕಾದಷ್ಟಿತ್ತು, ರಾಣಿ ಫಲಗೊಳ್ಳಲಿಲ್ಲ. ಕೊನೆಗೆ ಗೊತ್ತಾಯಿತು: ಅವಳು ಹೊರಗೆ ಹಾರಿಹೋಗಿ ಕೂಡಿ ಬರುತ್ತಾಳೆ. 1792ರಲ್ಲಿ ಅದನ್ನು ಪ್ರಕಟಿಸಿದ.

ಅವಳು ಏನು ಮಾಡಿ ಬರುತ್ತಾಳೆ ಅಂತ ಇವತ್ತು ಇನ್ನೂ ಚೆನ್ನಾಗಿ ಗೊತ್ತು. ಎಳೆಯ ವಯಸ್ಸಿನಲ್ಲಿ ಒಂದೆರಡು ಸಲ, ಕೆಲವೊಮ್ಮೆ ಇನ್ನೂ ಹೆಚ್ಚು ಸಲ ಹಾರುತ್ತಾಳೆ. ಹತ್ತಿಪ್ಪತ್ತು ಗಂಡುಗಳ ಜೊತೆ ಗಾಳಿಯಲ್ಲೇ ಕೂಡುತ್ತಾಳೆ. ಕೂಡಿದ ಗಂಡು ಅಲ್ಲೇ ಸಾಯುತ್ತದೆ. ಅವಳು ಸುಮಾರು 50 ಲಕ್ಷ ವೀರ್ಯಾಣುಗಳನ್ನು ಹೊಟ್ಟೆಯೊಳಗಿನ ಪುಟ್ಟ ಚೀಲದಲ್ಲಿ ತುಂಬಿಕೊಂಡು ಬಂದು ವರ್ಷಗಟ್ಟಲೆ ಜೋಪಾನವಾಗಿ ಇಡುತ್ತಾಳೆ. ಮೊಟ್ಟೆ ಇಡುವಾಗ ಮುಂಗಾಲಿನಿಂದ ಎರಿಯ ಕೋಣೆ ಅಳೆಯುತ್ತಾಳೆ. ಸಣ್ಣ ಕೋಣೆಯಾದರೆ ಚೀಲದಿಂದ ಒಂದಿಷ್ಟು ಬಿಟ್ಟು ಮೊಟ್ಟೆ ಇಡುತ್ತಾಳೆ. ಅದು ಹೆಣ್ಣಾಗುತ್ತದೆ. ದೊಡ್ಡ ಕೋಣೆಯಾದರೆ ಏನೂ ಬಿಡುವುದಿಲ್ಲ. ಅದು ಗಂಡಾಗುತ್ತದೆ. ಗಂಡು ಜೇನಿಗೆ ಅಪ್ಪನೇ ಇಲ್ಲ ಅಂತ 1845ರಲ್ಲಿ ಸೈಲೇಷಿಯಾದ ಜಿಯರ್ಜೋನ್ ಹೇಳಿದ. ಆತನೂ ಪಾದ್ರಿಯೇ. ಈ ವಿಷಯದಲ್ಲಿ ಪಾದ್ರಿಗಳಿಗೆ ಅದೇನು ಆಸಕ್ತಿಯೋ!

ಹಾಗಾದರೆ ಇಲ್ಲಿ ಫೆಕಂಡೇಟ್ ಮಾಡುವವರು ಯಾರು? ಗಂಡು ಸತ್ತು ಎರಡು ವರ್ಷವಾಗಿದೆ. ಚೀಲದ ಬಾಯಿ ಸಡಿಲಿಸುವವಳು ರಾಣಿ. ಯಾವ ಕೋಣೆ ಎಷ್ಟು ದೊಡ್ಡದಿರಬೇಕು ಅಂತ ಕಟ್ಟಿಟ್ಟವರು ಕೆಲಸಗಾರ ಜೇನುಗಳು. ಇದಕ್ಕೆಲ್ಲ ಒಂದು ಕ್ರಿಯಾಪದ ಹುಡುಕುತ್ತಾ ಕೂತರೆ ಲೇಖನ ಮುಗಿಯುವುದಿಲ್ಲ. ಬಸಿರಾಗಿ ಮರಳುತ್ತಾಳೆ ಅಂತ ಬರೆದೆ, ಹೊಡೆದು ಹಾಕಿದೆ. ಬಸಿರು ಅಲ್ಲವಲ್ಲ ಅದು. ನಿಷೇಚಿತಳಾಗಿ ಎಂಬುದನ್ನು ಬರೆಯುವ ಮೊದಲೇ ಬಿಟ್ಟೆ. ಕೊನೆಗೆ ಉಳಿದದ್ದು: 'ರಾಣಿ ಕೂಡಿ, ತುಂಬಿಕೊಂಡು ಮರಳುತ್ತಾಳೆ.' ಗೆಳತಿ ಓದಿ, ಈ ಸಲ ನಗಲಿಲ್ಲ. 'ಗೊಬ್ಬರದ ವಾಕ್ಯವೂ ಚೆನ್ನಾಗಿತ್ತು ಕಣೋ' ಅಂದಳು.

ಅದೇ ಲೇಖನದ ಕೊನೆಯ ಪುಟದಲ್ಲಿ ಪದ ಇನ್ನೊಮ್ಮೆ ಬಂದಿತ್ತು. ಒಬ್ಬನ ಓದು ಇನ್ನೊಬ್ಬನ ಮನಸ್ಸನ್ನು ಫೆಕಂಡೇಟ್ ಮಾಡಿತು ಎಂಬ ಅರ್ಥದಲ್ಲಿ. ಅಲ್ಲಿ ಜೇನೂ ಇಲ್ಲ, ಹೂವೂ ಇಲ್ಲ. ಪೆನ್ಸಿಲ್ ಗುರುತು ಹಾಕಿ ಮೂರು ದಿನ ಬಿಟ್ಟಿದ್ದೆ. ಮೂರನೆಯ ರಾತ್ರಿ ಹಾಲಿಗೆ ಹೆಪ್ಪು ಹಾಕುವಾಗ ಹೊಳೆಯಿತು. ಚಮಚದಷ್ಟು ಮೊಸರು, ಪಾತ್ರೆ ತುಂಬ ಹಾಲು. ಬೆಳಗಾಗುವಷ್ಟರಲ್ಲಿ ಹಾಲು ತಾನೇ ಮೊಸರಾಗಿರುತ್ತದೆ. ಹಾಕಿದ್ದು ಯಾರು, ಆದದ್ದು ಯಾರು ಅಂತ ಬೇರೆ ಮಾಡಲಿಕ್ಕೆ ಬರುವುದಿಲ್ಲ. ಸಂಸ್ಕೃತದಲ್ಲಿ ಮೊಸರಿಗೆ ದಧಿ ಅನ್ನುತ್ತಾರಲ್ಲ, ಅದನ್ನೂ ಧೇನುವಿನ ಬೇರಿಗೇ ಸೇರಿಸುತ್ತಾರೆ ಅಂತ ಆಮೇಲೆ ತಿಳಿಯಿತು. ಪಾತ್ರೆಗೆ ತಟ್ಟೆ ಮುಚ್ಚಿ, ಕೈ ಒರೆಸಿಕೊಂಡು ಬಂದು, ಪೆನ್ಸಿಲ್ ಗುರುತು ಅಳಿಸಿ ಬರೆದೆ: 'ಆ ಓದು ಅವನ ಮನಸ್ಸಿಗೆ ಹೆಪ್ಪಾಯಿತು.'